ಹಿತ್ತಲ ಗಿಡವೂ ಮದ್ದೇ, ಹಾಗಾಗಿಯೇ ಎಚ್ಚರ ಬೇಕು



"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನೆಯ ಹಿಂದೆ ಬೆಳೆದ ಗಿಡಕ್ಕೆ ಬೆಲೆ ಕೊಡದೆ, ದೂರದ ಮದ್ದನ್ನು ಹುಡುಕಿಕೊಂಡು ಹೋಗುವವರನ್ನು ನೋಡಿ ಹಿರಿಯರು ಆಡಿದ ಮಾತು ಅದು. ಈಗ ಗಾಳಿ ತಿರುಗಿ ಬೀಸುತ್ತಿದೆ. ಗಂಟುನೋವು, ಸೊಂಟನೋವು, ಊತ ಎಂದ ಕೂಡಲೇ ಅರಸಿನದ ಕ್ಯಾಪ್ಸೂಲು, ಅಮೃತಬಳ್ಳಿಯ ರಸ, ಹೆಸರಿಲ್ಲದ ಪೊಟ್ಟಣದ ಪುಡಿ ಮನೆಯೊಳಗೆ ಬರುತ್ತವೆ. "ಗಿಡಮೂಲಿಕೆಯಲ್ಲವೇ, ಅಡ್ಡ ಪರಿಣಾಮ ಇಲ್ಲ" ಎಂಬ ಮಾತೂ ಜೊತೆಗೇ ಬರುತ್ತದೆ. ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಈ ಸಲ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಇದನ್ನು ಬರೆಯಲು ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಾನಿದ್ದ ಊರಿನಲ್ಲಿ ಸುಮಾರು ಐವತ್ತೆಂಟು ಪ್ರಾಯದ ಒಬ್ಬ ತಾಯಿ ಇದ್ದರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಅವರ ಬೆರಳ ಗಂಟುಗಳು ಬಾತು, ಬೆಳಿಗ್ಗೆ ಕೈ ಮಡಚಲಾಗದಂತೆ ಆಯಿತು. ಯಾರೋ ಪೇಟೆಯಿಂದ ಒಂದು ಕಂದು ಪುಡಿ ತಂದುಕೊಟ್ಟರು. ಒಂದು ದಿನ ಅವರು ಎದುರು ಸಿಕ್ಕಿ, "ಫಾದರ್, ಆ ಪುಡಿ ಭಾರೀ ಒಳ್ಳೆಯದುಂಟು. ಮೂರೇ ದಿನದಲ್ಲಿ ನೋವು ಮಾಯ. ನಿಮ್ಮ ಮೊಣಗಂಟಿಗೂ ತರಿಸಿ ಕೊಡುತ್ತೇನೆ" ಎಂದರು. ನಾನು ಅದರಲ್ಲಿ ಏನುಂಟು ಎಂದು ಕೇಳಲಿಲ್ಲ. "ಗುಣವಾದರೆ ಒಳ್ಳೆಯದೇ ಅಲ್ಲವೇ ಬಾಯಿ" ಎಂದು ಹೇಳಿ, ಒಂದು ಪೊಟ್ಟಣ ನನಗೂ ತರಿಸಿಕೊಂಡೆ. ಅದು ಕಪಾಟಿನಲ್ಲೇ ಉಳಿಯಿತು ಎಂಬುದು ನನ್ನ ಭಾಗ್ಯ.

ಎಂಟು ತಿಂಗಳಲ್ಲಿ ಆ ತಾಯಿಯ ಮುಖ ದುಂಡಗೆ ಊದಿಕೊಂಡಿತು. ಇಲ್ಲದ ಸಕ್ಕರೆ ಕಾಯಿಲೆ ಬಂತು. ಚರ್ಮ ತೆಳ್ಳಗಾಗಿ, ತಾಗಿದಲ್ಲೆಲ್ಲ ನೀಲಿಗಟ್ಟತೊಡಗಿತು. ಪುಡಿ ಕೊಡುತ್ತಿದ್ದವನು ಒಂದು ತಿಂಗಳು ಬರಲಿಲ್ಲ. ಪುಡಿ ನಿಂತ ಕೆಲವೇ ದಿನಗಳಲ್ಲಿ ಅವರು ವಾಂತಿ, ನಿತ್ರಾಣದಿಂದ ಎದ್ದು ನಿಲ್ಲಲಾರದೆ ಆಸ್ಪತ್ರೆ ಸೇರಿದರು. ವೈದ್ಯರು ಪರೀಕ್ಷಿಸಿ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂದರು. ಜೀವ ಉಳಿಯಿತು. ಆದರೆ ನೋವು ಅಡಗಿದ್ದ ಆ ಎಂಟು ತಿಂಗಳಲ್ಲಿ ಒಳಗಿನ ರೋಗ ತನ್ನ ಕೆಲಸ ಮಾಡಿತ್ತು. ಬೆರಳುಗಳು ಸೊಟ್ಟಗಾಗಿದ್ದವು. ಅವರು ಮತ್ತೆ ಬೀಡಿ ಕಟ್ಟಲಿಲ್ಲ.

ಉರಿಯೂತ ಎಂದರೇನು?

ತೋಟದಲ್ಲಿ ಕಾಲಿಗೆ ಮುಳ್ಳು ಹೊಕ್ಕಿತು ಎನ್ನಿ. ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ರೋಮಿನ ಸೆಲ್ಸಸ್ ಎಂಬವನು ಬರೆದಿಟ್ಟಿದ್ದಾನೆ. ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡಲು ಅಲ್ಲಿಗೆ ನುಗ್ಗುವುದರಿಂದ ಹೀಗಾಗುತ್ತದೆ. ಇದೇ ಉರಿಯೂತ. ಮುಳ್ಳು ಹೊರಬಂದು ಗಾಯ ಮಾಗಿದ ಮೇಲೆ ಕಾವಲುಗಾರರು ಹಿಂದೆ ಸರಿಯುತ್ತಾರೆ. ಇಂತಹ ಉರಿಯೂತ ನಮ್ಮ ಮಿತ್ರ. ಅದಿಲ್ಲದಿದ್ದರೆ ಸಣ್ಣ ಗಾಯವೂ ಪ್ರಾಣಕ್ಕೆ ಎರವಾಗುತ್ತಿತ್ತು.

ಕೆಲವೊಮ್ಮೆ ಕಾವಲುಗಾರರು ಹಿಂದೆ ಸರಿಯುವುದೇ ಇಲ್ಲ. ಮುಳ್ಳು ಇಲ್ಲದಿದ್ದರೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೋರಾಟ ನಡೆಯುತ್ತಲೇ ಇರುತ್ತದೆ. ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚಿದಂತೆ. ಇದು ದೀರ್ಘಕಾಲದ ಉರಿಯೂತ. ನಮ್ಮಲ್ಲಿ ಇದು ಹೆಚ್ಚಾಗಿ ಗಂಟುನೋವಿನ ರೂಪದಲ್ಲಿ ಕಾಣಿಸುತ್ತದೆ. ಚಿಕುನ್‌ಗುನ್ಯಾ ಜ್ವರ ಬಂದು ಹೋದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಗಂಟುಗಳು ಬಾತು ನೋಯುವುದನ್ನು ನೀವು ನೋಡಿರಬಹುದು. ಅದೂ ಇದೇ.

ಎಲ್ಲ ಗಂಟುನೋವೂ ಒಂದೇ ಅಲ್ಲ

ಮದ್ದಿನ ಮಾತಿಗೆ ಮೊದಲು ರೋಗದ ಗುರುತು ಸಿಗಬೇಕು. ಮುಖ್ಯವಾಗಿ ಮೂರು ಬಗೆಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಮೊದಲನೆಯದು ಸವೆತದ ನೋವು. ಪ್ರಾಯ, ದೇಹದ ಭಾರ, ಹಳೆಯ ಪೆಟ್ಟು ಇವುಗಳಿಂದ ಗಂಟಿನ ಎಲುಬುಗಳ ನಡುವಿನ ಮೆತ್ತೆ ಸವೆಯುತ್ತದೆ. ಮೊಣಗಂಟಿನಲ್ಲಿ ಹೆಚ್ಚು. ನಡೆದರೆ, ಮೆಟ್ಟಲು ಹತ್ತಿದರೆ ನೋವು; ಕುಳಿತರೆ ಆರಾಮ. ಬೆಳಿಗ್ಗೆ ಗಂಟು ಬಿಗಿದಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡನೆಯದು ಆಮವಾತ, ವೈದ್ಯರು ರುಮಟಾಯ್ಡ್ ಆರ್ತ್ರೈಟಿಸ್ ಎನ್ನುವುದು. ಇದರಲ್ಲಿ ದೇಹದ ಕಾವಲು ಶಕ್ತಿಯೇ ಗಂಟುಗಳ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎರಡೂ ಕೈಗಳ ಸಣ್ಣ ಗಂಟುಗಳು ಬಾಯುತ್ತವೆ. ಬೆಳಿಗ್ಗೆ ಒಂದು ಗಂಟೆಯಾದರೂ ಬಿಗಿತ ಬಿಡುವುದಿಲ್ಲ. ಇದಕ್ಕೆ ಮೊದಲ ಕೆಲವು ತಿಂಗಳಲ್ಲೇ ಮೆಥೋಟ್ರೆಕ್ಸೇಟಿನಂತಹ ಮದ್ದು ಆರಂಭಿಸಿದರೆ ಕೈಕಾಲು ಸೊಟ್ಟಗಾಗದಂತೆ ತಡೆಯಬಹುದು. ತಡವಾದರೆ ಹೋದ ಗಂಟು ಮರಳಿ ಬರುವುದಿಲ್ಲ. ಆ ತಾಯಿಗೆ ಇದ್ದದ್ದು ಇದೇ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅದರ ಹರಳುಗಳು ಗಂಟಿನಲ್ಲಿ ಕೂರುತ್ತವೆ. ಹೆಚ್ಚಾಗಿ ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಡದಂತೆ ಕೆಂಪಾಗಿ ಉರಿಯುತ್ತದೆ.

ಮೂಲಿಕೆಗಳಿಂದ ಸ್ವಲ್ಪ ಉಪಶಮನ ಸಿಗಬಹುದಾದದ್ದು ಮುಖ್ಯವಾಗಿ ಮೊದಲನೆಯ ಬಗೆಯಲ್ಲಿ. ಎರಡನೆಯದರಲ್ಲಿ ಮೂಲಿಕೆಯನ್ನೇ ನಂಬಿ ಕುಳಿತರೆ ಕೈ ಹೋಗುತ್ತದೆ. ಈ ಒಂದು ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಯಾವ ಮೂಲಿಕೆಗೆ ಎಷ್ಟು ಶಕ್ತಿ?

ಅರಸಿನ: ಇದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ಅಂಶಕ್ಕೆ ಉರಿಯೂತ ತಗ್ಗಿಸುವ ಗುಣವುಂಟು. ಥಾಯ್ಲೆಂಡಿನಲ್ಲಿ ಮೊಣಗಂಟು ಸವೆದ 367 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಸಿನದ ಸಾರ, ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್ ಮಾತ್ರೆ. ನಾಲ್ಕು ವಾರಗಳ ಬಳಿಕ ಎರಡೂ ಗುಂಪುಗಳ ನೋವು ಹೆಚ್ಚುಕಡಿಮೆ ಒಂದೇ ರೀತಿ ತಗ್ಗಿತ್ತು. ಹೊಟ್ಟೆಯ ತೊಂದರೆ ಅರಸಿನದವರಿಗೆ ಕಡಿಮೆ ಇತ್ತು. ಸಂತೋಷದ ಸಂಗತಿ. ಆದರೆ 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಅಧ್ಯಯನವನ್ನೂ ನೋಡಬೇಕು. ಅಲ್ಲಿ 70 ಮಂದಿಯನ್ನು ಹನ್ನೆರಡು ವಾರ ಪರೀಕ್ಷಿಸಿದರು. ಅರಸಿನದ ಸಾರ ತೆಗೆದುಕೊಂಡವರಿಗೆ ನೋವು ಸ್ವಲ್ಪ ಕಡಿಮೆಯಾಯಿತು, ಎಂ.ಆರ್.ಐ. ಚಿತ್ರದಲ್ಲಿ ಮಾತ್ರ ಗಂಟಿನೊಳಗಿನ ನೀರು, ಊತ ಹಾಗೇ ಇತ್ತು. ಅಂದರೆ ಅರಸಿನ ನೋವನ್ನು ತಗ್ಗಿಸಬಹುದು, ಸವೆದ ಗಂಟನ್ನು ಸರಿಮಾಡುವುದಿಲ್ಲ.

ಇಲ್ಲಿ ಪ್ರಮಾಣದ ಲೆಕ್ಕ ಮುಖ್ಯ. ಸಾಮಾನ್ಯ ಅರಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡ ಮೂರರ ಆಸುಪಾಸು. ಒಂದು ಚಮಚ, ಅಂದರೆ ಮೂರು ಗ್ರಾಂ ಪುಡಿಯಲ್ಲಿ ಸುಮಾರು 90 ಮಿಲಿಗ್ರಾಂ. ಅಧ್ಯಯನದಲ್ಲಿ ಕೊಟ್ಟಷ್ಟು ಸಿಗಬೇಕಾದರೆ ದಿನಕ್ಕೆ ಹತ್ತು ಚಮಚಕ್ಕೂ ಹೆಚ್ಚು ತಿನ್ನಬೇಕು. ಹಾಗಾಗಿ ಸಾರಿಗೆ ಹಾಕುವ ಚಿಟಿಕೆ ಅರಸಿನ, ರಾತ್ರಿ ಕುಡಿಯುವ ಅರಸಿನ ಹಾಲು ಇವು ಒಳ್ಳೆಯ ಆಹಾರ. ಗಂಟುನೋವಿನ ಮದ್ದು ಅಲ್ಲ. ಮದ್ದಿನ ಪ್ರಮಾಣ ಸಿಗುವುದು ಕ್ಯಾಪ್ಸೂಲಿನಲ್ಲಿ. ಆಗ ಅದು ಅಡುಗೆಮನೆಯ ಅರಸಿನವಾಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಬರಿಯ ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸಂತ ಜೋನರ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಸಂಶೋಧನೆ ಲೋಕಪ್ರಸಿದ್ಧವಾಗಿದೆ. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಎಂಬ ಅಂಶವನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟಿನಷ್ಟು ಏರಿತು. ಇಂದು ಅಂಗಡಿಯಲ್ಲಿ ಸಿಗುವ ಅನೇಕ ಅರಸಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಅಂಶ ಸೇರಿಸಿರುವುದು ಇದಕ್ಕಾಗಿಯೇ. ಇದರ ಮತ್ತೊಂದು ಮುಖವನ್ನು ಮುಂದೆ ನೋಡೋಣ.

ಶಲ್ಲಕಿ: ಮಧ್ಯ ಭಾರತದ ಒಣ ಕಾಡುಗಳಲ್ಲಿ ಬೆಳೆಯುವ ಮರದ ಅಂಟು. ದೇವಾಲಯದಲ್ಲಿ ನಾವು ಧೂಪಕ್ಕೆ ಬಳಸುವ ಅರಬ್ ನಾಡಿನ ಕುಂದುರುಕ್ಕದ ಮರಕ್ಕೆ ಇದು ಹತ್ತಿರದ ಬಂಧು. ಇದರಲ್ಲಿರುವ ಬೋಸ್ವೆಲಿಕ್ ಆಮ್ಲಗಳು ಉರಿಯೂತ ಹೆಚ್ಚಿಸುವ ಒಂದು ಕಿಣ್ವವನ್ನು ತಡೆಯುತ್ತವೆ. ನಾಗಪುರದಲ್ಲಿ ಮೊಣಗಂಟು ನೋವಿನ 30 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೋವೂ ಊತವೂ ತಗ್ಗಿ, ಮೊಣಕಾಲು ಮಡಚುವುದು ಸುಲಭವಾಯಿತು. ಎಕ್ಸರೇಯಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಮೂಲಿಕೆಗಳ ಬಗ್ಗೆ ನಡೆದ ಅಧ್ಯಯನಗಳನ್ನು ತೂಗಿ ನೋಡಿದ 2014ರ ಕೊಕ್ರೇನ್ ವಿಮರ್ಶೆಯೂ ಶಲ್ಲಕಿಯಿಂದ ಅಲ್ಪ ಪ್ರಯೋಜನವುಂಟು ಎಂದಿದೆ. ಆದರೆ ಧೂಪದ ಡಬ್ಬಿಯಲ್ಲಿರುವುದನ್ನು ಯಾರೂ ತಿನ್ನಬಾರದು. ಸಾಂಬ್ರಾಣಿ ಎಂದು ಮಾರುವುದು ಬೇರೆಯೇ ಮರದ ಅಂಟು. ಅದರಲ್ಲಿ ಕಲಬೆರಕೆಯೂ ಉಂಟು.

ಶುಂಠಿ: 2001ರಲ್ಲಿ ಪ್ರಕಟವಾದ, 247 ಮಂದಿಯ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಶುಂಠಿಯ ಸಾರದಿಂದ ಮೊಣಗಂಟು ನೋವು ಸ್ವಲ್ಪ ಕಡಿಮೆಯಾಯಿತು. ಕೆಲವರಿಗೆ ಎದೆಯುರಿ, ಹೊಟ್ಟೆಯುರಿ ಬಂತು. ಊಟದ ಶುಂಠಿ, ಶುಂಠಿ ಕಷಾಯಗಳಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ.

ನೆಕ್ಕಿ ಅಥವಾ ಲಕ್ಕಿ: ಬೇಲಿಯಲ್ಲಿ ಬೆಳೆಯುವ ಈ ಗಿಡದ ಎಲೆಯನ್ನು ನೀರಿನಲ್ಲಿ ಕುದಿಸಿ, ಆ ಬಿಸಿನೀರಿನಿಂದ ಕಾವು ಕೊಡುವುದು ನಮ್ಮ ಹಿರಿಯರ ಕ್ರಮ. ಬಾಣಂತಿಯ ಸ್ನಾನಕ್ಕೂ ಬಳಸುತ್ತಿದ್ದರು. ಹೊರಗಿನಿಂದ ಕೊಡುವ ಕಾವಾದ್ದರಿಂದ ಸವೆತದ ನೋವಿಗೆ ಹಿತ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಹೋದವರಿಗೆ ಮಾತ್ರ ಸುಟ್ಟದ್ದು ತಿಳಿಯುವುದಿಲ್ಲ. ಅವರಿಗೆ ಬೇರೆಯವರು ಕೈಯಿಟ್ಟು ಬಿಸಿ ನೋಡಿ ಕೊಡಬೇಕು.

ಶಕ್ತಿ ಇದ್ದಲ್ಲಿ ಹಾನಿಯೂ ಉಂಟು

ಗಿಡವೊಂದು ದೇಹದಲ್ಲಿ ಬದಲಾವಣೆ ತರುವಷ್ಟು ಬಲವಾಗಿದ್ದರೆ, ಅದು ಕೆಡುಕು ಮಾಡುವಷ್ಟೂ ಬಲವಾಗಿರುತ್ತದೆ. ಇದಕ್ಕೆ ನಮ್ಮ ಬೇಲಿಯ ಗೌರಿ ಹೂವಿಗಿಂತ ಒಳ್ಳೆಯ ಉದಾಹರಣೆ ಬೇಡ. ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಹೂವು ಅದು, ತಮಿಳುನಾಡಿನ ರಾಜ್ಯಪುಷ್ಪ. ಅಲ್ಲಿ ಅದನ್ನು ಬೀಜಕ್ಕಾಗಿ ಹೊಲದಲ್ಲಿ ಬೆಳೆಸುತ್ತಾರೆ. ಬೀಜದಲ್ಲಿರುವ ಕೊಲ್ಚಿಸಿನ್ ಗೌಟಿನ ಉರಿಗೆ ವೈದ್ಯರು ಕೊಡುವ ಮದ್ದು, ಅದೂ ಅರ್ಧ ಮಿಲಿಗ್ರಾಮಿನ ಲೆಕ್ಕದಲ್ಲಿ. ಅದೇ ಗಿಡದ ಗೆಡ್ಡೆಯನ್ನು ತಿಂದವರು ಸತ್ತಿದ್ದಾರೆ. ಗಿಡ ಒಂದೇ, ಪ್ರಮಾಣ ಬೇರೆ.

ಅರಸಿನದ ವಿಷಯವೂ ಹೀಗೆಯೇ. ಅಮೆರಿಕದಲ್ಲಿ ಮದ್ದಿನಿಂದಾಗುವ ಪಿತ್ತಜನಕಾಂಗದ ಹಾನಿಯನ್ನು ದಾಖಲಿಸುವ ವೈದ್ಯರ ತಂಡ 2022ರಲ್ಲಿ ಹತ್ತು ಪ್ರಕರಣಗಳನ್ನು ವರದಿಮಾಡಿತು. ಎಲ್ಲರೂ ಅರಸಿನದ ಕ್ಯಾಪ್ಸೂಲಿನಂತಹ ಉತ್ಪನ್ನ ತೆಗೆದುಕೊಂಡವರು. ಐದು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಪರೀಕ್ಷಿಸಿ ನೋಡಿದ ಏಳು ಉತ್ಪನ್ನಗಳಲ್ಲಿ ಮೂರರಲ್ಲಿ ಮೆಣಸಿನ ಅಂಶವೂ ಇತ್ತು. ಹಲವು ಮಂದಿಯಲ್ಲಿ ಇಂತಹ ಹಾನಿಗೆ ಒಗ್ಗುವ ಒಂದು ವಂಶವಾಹಿ ಕಂಡುಬಂತು. ಇಟಲಿಯಲ್ಲೂ ಇಂತಹ ಪ್ರಕರಣಗಳು ಬಂದು, 2019ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಅರಸಿನದ ಉತ್ಪನ್ನಗಳ ಮೇಲೆ ಎಚ್ಚರಿಕೆಯ ಮಾತು ಬರೆಯಬೇಕೆಂದು ವಿಧಿಸಿತು. ಇದು ಅಪರೂಪದ ತೊಂದರೆ ನಿಜ. ಆದರೆ ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗುವುದಿಲ್ಲ.

ಅಮೃತಬಳ್ಳಿ ಕೊರೋನ ಕಾಲದಲ್ಲಿ ಮನೆಮನೆಗೆ ಬಂತು. ಆ ಸಮಯದಲ್ಲಿ ಅದರ ರಸ, ಕಷಾಯಗಳನ್ನು ತೆಗೆದುಕೊಂಡು ಪಿತ್ತಜನಕಾಂಗಕ್ಕೆ ಏಟು ಬಿದ್ದ 43 ಮಂದಿಯ ವಿವರಗಳನ್ನು ದೇಶದ ಹದಿಮೂರು ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನೇ ಹೋಲುವ ಬೇರೆ ಬಳ್ಳಿಯ ಬಗ್ಗೆ ಎಚ್ಚರ ಬೇಕೆಂದೂ ಹೇಳಿತು. ವಾದ ಏನೇ ಇರಲಿ, ನಮಗೆ ಪಾಠ ಎರಡು. ಕಾಂಡದ ಮೇಲೆ ತುಂಬ ಗಂಟುಗಂಟಾದ ಗುಳ್ಳೆಗಳಿರುವ ಬಳ್ಳಿಯನ್ನು ಅಮೃತಬಳ್ಳಿಯೆಂದು ತರಬಾರದು. ಆಮವಾತ, ಥೈರಾಯ್ಡಿನಂತಹ ತೊಂದರೆಯುಳ್ಳವರು, ಅಂದರೆ ದೇಹದ ಕಾವಲು ಶಕ್ತಿ ಈಗಾಗಲೇ ತಿರುಗಿಬಿದ್ದವರು, ಆ ಶಕ್ತಿಯನ್ನು ಇನ್ನೂ ಕೆರಳಿಸುವ ಮೂಲಿಕೆಯನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ನಮ್ಮ ಹಿತ್ತಲಿನ ಬಿಂಬುಳಿಯ ಕಥೆ ಕೇಳಿ. ಮೀನು ಸಾರಿಗೆ ನಾಲ್ಕು ಬಿಂಬುಳಿ ಹಾಕಿದರೆ ಯಾರಿಗೂ ಏನೂ ಆಗಿಲ್ಲ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸ ಹಿಂಡಿ ಕುಡಿದ ಹತ್ತು ಮಂದಿಯ ಮೂತ್ರಪಿಂಡ ಕೆಟ್ಟ ವರದಿ ಕೇರಳದಿಂದಲೇ 2013ರಲ್ಲಿ ಬಂತು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಹಣ್ಣಿನಲ್ಲಿರುವ ಆಕ್ಸಲಿಕ್ ಆಮ್ಲದ ಹರಳುಗಳು ಮೂತ್ರಪಿಂಡದಲ್ಲಿ ಕೂತುಬಿಟ್ಟಿದ್ದವು.

ಈಶ್ವರ ಬಳ್ಳಿಯ ಬೇರನ್ನು ವಿಷಕ್ಕೂ ನೋವಿಗೂ ಅರೆದು ಕೊಡುವ ಪದ್ಧತಿ ನಮ್ಮಲ್ಲಿತ್ತು. ಇದು ಬೇಡವೇ ಬೇಡ. ಈ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರನ್ನೂ ತರುತ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನಾದ ಮೂಲಿಕೆ ತೆಗೆದುಕೊಂಡ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟಾಗ ಇದು 1993ರಲ್ಲಿ ಬೆಳಕಿಗೆ ಬಂತು.

ಹೆಸರಿಲ್ಲದ ಪುಡಿ

ಗಿಡ ಮಾಡುವ ಹಾನಿಗಿಂತ ದೊಡ್ಡ ಹಾನಿ, ಗಿಡದ ಹೆಸರಿನಲ್ಲಿ ಮಾರುವ ಮೋಸದ್ದು. ತೈವಾನಿನಲ್ಲಿ 2609 ಮೂಲಿಕೆ ಔಷಧಿಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಸುಮಾರು 24ರಲ್ಲಿ ಇಂಗ್ಲಿಷ್ ಮದ್ದುಗಳನ್ನು ಕಲಬೆರಕೆ ಮಾಡಲಾಗಿತ್ತು. ಅಮೆರಿಕದ ಬಾಸ್ಟನಿನಲ್ಲಿ ಭಾರತೀಯರ ಅಂಗಡಿಗಳಿಂದ ತಂದ 70 ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡದ್ದು 2004ರ ವರದಿ.

ನೋವಿನ ಪುಡಿಗೆ ಸ್ಟೀರಾಯ್ಡ್ ಏಕೆ ಬೆರೆಸುತ್ತಾರೆ? ಅದು ಉರಿಯೂತವನ್ನು ಬಹು ಬೇಗ ಅಡಗಿಸುತ್ತದೆ. ವೈದ್ಯರು ಲೆಕ್ಕ ಹಾಕಿ ಕೊಟ್ಟರೆ ಅದೇ ಸ್ಟೀರಾಯ್ಡ್ ಜೀವ ಉಳಿಸುವ ಮದ್ದು. ಗೊತ್ತಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಿನವೂ ತಾನೇ ತಯಾರಿಸುವ ಸ್ಟೀರಾಯ್ಡನ್ನು, ಹೊರಗಿನಿಂದ ಸಿಗುವಾಗ, ನಿಲ್ಲಿಸಿಬಿಡುತ್ತದೆ. ಆಗ ಪುಡಿಯನ್ನು ಒಮ್ಮೆಲೇ ಬಿಟ್ಟರೆ ಒಳಗೂ ಇಲ್ಲ, ಹೊರಗೂ ಇಲ್ಲ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಆದ್ದರಿಂದ ಇಂತಹ ಪುಡಿಯನ್ನು ಬಹಳ ದಿನಗಳಿಂದ ತಿನ್ನುತ್ತಿರುವವರು, ಇದನ್ನು ಓದಿ ಹೆದರಿ, ನಾಳೆಯೇ ಬಿಸಾಡಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ನಾಳೆಯೇ ವೈದ್ಯರ ಬಳಿ ಹೋಗಿ. ಹೇಗೆ ನಿಲ್ಲಿಸಬೇಕೆಂದು ಅವರು ಹೇಳುತ್ತಾರೆ.

ಗುರುತು ಒಂದುಂಟು. ನಿಜವಾದ ಮೂಲಿಕೆ ನಿಧಾನ. ಗುಣ ಕಾಣಲು ವಾರಗಳು ಬೇಕು. ವರ್ಷಗಳ ನೋವು ಎರಡು ಮೂರು ದಿನದಲ್ಲಿ ಮಾಯವಾದರೆ, ಸಂತೋಷಪಡುವ ಮೊದಲು ಸಂಶಯಪಡಿ.

ಹಿತ್ತಲಲ್ಲೇ ಅರಸಿನ ಬೆಳೆಯೋಣ

ಕೊಂಡು ತರುವ ಅರಸಿನ ಪುಡಿಯಲ್ಲೂ ಮೋಸವುಂಟು. ಕೆಲವು ಕಡೆ ಗೆಡ್ಡೆಗೆ ಹೊಳಪು ಬರಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುತ್ತಾರೆ. ಸೀಸ ಮಕ್ಕಳ ಮೆದುಳಿಗೆ ವಿಷ. ಭಾರತ, ನೇಪಾಳ, ಪಾಕಿಸ್ತಾನ, ಶ್ರೀಲಂಕಾಗಳ 23 ನಗರಗಳಲ್ಲಿ ಮಾದರಿಗಳನ್ನು ಪರೀಕ್ಷಿಸಿದ 2024ರ ವರದಿಯಲ್ಲಿ ಪಾಟ್ನಾದ ಕೆಲವು ಮಾದರಿಗಳಲ್ಲಿ ಸೀಸ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಸುಮಾರು ಅರ್ಧದಷ್ಟು ಮಾದರಿಗಳಲ್ಲಿ ಸೀಸವಿತ್ತು. ಸರಕಾರ ಬಿಗಿಯಾಗಿ ನಿಂತು 2021ರ ಹೊತ್ತಿಗೆ ಅದನ್ನು ಇಲ್ಲವಾಗಿಸಿತು.

ನಮಗೆ ಸುಲಭ ಉಪಾಯ ಮನೆಯಲ್ಲೇ ಬೆಳೆಯುವುದು. ಅಡಿಕೆ, ತೆಂಗಿನ ನಡುವಿನ ಅರೆನೆರಳಿನಲ್ಲೂ ಅರಸಿನ ಬರುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಎತ್ತರದ ಏರಿ ಮಾಡಿ, ರೋಗವಿಲ್ಲದ ಬಿತ್ತನೆ ಗೆಡ್ಡೆಗಳನ್ನು ಸುಮಾರು ಒಂದಡಿ ಅಂತರದಲ್ಲಿ ನೆಡಿ. ಹಟ್ಟಿಗೊಬ್ಬರ ಹಾಕಿ ಮೇಲೆ ಹಸಿರು ಸೊಪ್ಪು ಮುಚ್ಚಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ನಮ್ಮ ಮಳೆಗೆ ನೀರು ಹರಿದುಹೋಗುವ ಕಣಿ ಬೇಕೇ ಬೇಕು. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ "ಪ್ರತಿಭಾ" ತಳಿಯಲ್ಲಿ ಕರ್ಕ್ಯುಮಿನ್ ಶೇಕಡ ಆರಕ್ಕಿಂತ ಹೆಚ್ಚು. "ಪ್ರಗತಿ" ತಳಿ ಆರು ತಿಂಗಳಲ್ಲೇ ಬೆಳೆಯುತ್ತದೆ. ಬಿತ್ತನೆ ಗೆಡ್ಡೆಯ ಬಗ್ಗೆ ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ಅಥವಾ ಕಾಸರಗೋಡಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಎಲೆ ಒಣಗಿದ ಮೇಲೆ ಅಗೆದು, ಎರಡು ಮೂರು ದಿನಗಳೊಳಗೆ ನೀರಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ ಬೇಯಿಸಿ. ನೊರೆ ಬಂದು, ಅರಸಿನದ ಪರಿಮಳ ಎದ್ದು, ಗೆಡ್ಡೆ ಮೆತ್ತಗಾದರೆ ಸಾಕು. ಹತ್ತು ಹದಿನೈದು ದಿನ ಬಿಸಿಲಿಗೆ ಹರಡಿ. ಐದು ಕಿಲೋ ಹಸಿ ಗೆಡ್ಡೆಗೆ ಸುಮಾರು ಒಂದು ಕಿಲೋ ಒಣ ಅರಸಿನ ಸಿಗುತ್ತದೆ. ಒಂದು ಮನೆಗೆ ವರ್ಷಕ್ಕೆ ಅದು ಧಾರಾಳ.

ನೆನಪಿನಲ್ಲಿಡಬೇಕಾದ ಮಾತುಗಳು

1. ಮೊದಲು ರೋಗ ಯಾವುದೆಂದು ಗೊತ್ತುಮಾಡಿಕೊಳ್ಳಿ. ಆರು ವಾರಕ್ಕಿಂತ ಹೆಚ್ಚು ಕಾಲ ಗಂಟು ಬಾತಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ.

2. ವೈದ್ಯರು ಕೊಟ್ಟ ಮದ್ದನ್ನು ಮೂಲಿಕೆಗಾಗಿ ಬಿಡಬೇಡಿ. ಮೂಲಿಕೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮರೆಮಾಡಬೇಡಿ. "ಬೈಯುತ್ತಾರೆ" ಎಂಬ ಹೆದರಿಕೆ ಬೇಡ.

3. ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುವವರು ಅರಸಿನ, ಶುಂಠಿಯ ಕ್ಯಾಪ್ಸೂಲುಗಳನ್ನು ಮುಟ್ಟಬೇಡಿ. ವಾರ್ಫರಿನ್ ಜೊತೆ ಅರಸಿನದ ಉತ್ಪನ್ನ ಸೇರಿ ರಕ್ತ ಅಪಾಯದ ಮಟ್ಟಕ್ಕೆ ತೆಳುವಾದ ಪ್ರಕರಣ ನ್ಯೂಜಿಲೆಂಡಿನಲ್ಲಿ 2018ರಲ್ಲಿ ವರದಿಯಾಗಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಇಂತಹವನ್ನು ನಿಲ್ಲಿಸಿ. ಗರ್ಭಿಣಿಯರು, ಪಿತ್ತಕೋಶದಲ್ಲಿ ಕಲ್ಲಿರುವವರು, ಪಿತ್ತಜನಕಾಂಗದ ರೋಗಿಗಳು ಕೇಳದೆ ತೆಗೆದುಕೊಳ್ಳಬಾರದು.

4. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಹಸಿವು ಸತ್ತು ಮೈ ತುರಿಸಿದರೆ ಮೂಲಿಕೆಯನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.

5. ಡಬ್ಬಿಯ ಮೇಲಿನ ಚೀಟಿ ಓದಿ. ಆಯುರ್ವೇದ ಔಷಧಿಯಾದರೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ಮೂಲಿಕೆಗಳ ಹೆಸರು, ತಾರೀಕು ಇರಬೇಕು. ಆಹಾರ ಪೂರಕವಾಗಿ ಮಾರುವುದಾದರೆ "ಔಷಧೀಯ ಬಳಕೆಗಲ್ಲ" ಎಂಬ ಅರ್ಥದ ಮಾತು ಅದರ ಮೇಲೆಯೇ ಇರುತ್ತದೆ. ಅಂಗಡಿಯವರು ಬಾಯಲ್ಲಿ ಹೇಳುವುದು ಬೇರೆ. ಚೀಟಿಯೇ ಇಲ್ಲದ ಪುಡಿ ಮನೆಯೊಳಗೆ ಬಾರದಿರಲಿ.

6. ಮೂಲಿಕೆಯೇ ಬೇಕೆಂದಿದ್ದರೆ ಕಲಿತ ಆಯುರ್ವೇದ ವೈದ್ಯರ ಬಳಿ ಹೋಗಿ. ಕೇರಳದ ಹೆಚ್ಚಿನ ಪಂಚಾಯತುಗಳಲ್ಲಿ ಸರಕಾರಿ ಆಯುರ್ವೇದ ಆಸ್ಪತ್ರೆ ಉಂಟು.

7. ದೇಹದ ಭಾರ ಒಂದು ಕಿಲೋ ಇಳಿದರೆ, ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಗಂಟಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೀಳವಾಗಿ ಎತ್ತಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಂತೆ ಮೊಣಗಂಟಿಗೆ ಆಸರೆ ಸಿಗುತ್ತದೆ. ಸವೆತದ ನೋವಿಗೆ ಇದು ಯಾವ ಕ್ಯಾಪ್ಸೂಲಿಗೂ ಕಡಿಮೆಯಲ್ಲ, ಖರ್ಚೂ ಇಲ್ಲ.

ಆ ತಾಯಿ ಈಗಲೂ ಇದ್ದಾರೆ. ಆಮವಾತಕ್ಕೆ ವಾರಕ್ಕೊಮ್ಮೆ ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ನೋವು ಹತೋಟಿಯಲ್ಲಿದೆ. ಸೊಟ್ಟಗಾದ ಬೆರಳುಗಳಲ್ಲೇ ಅರಸಿನ ಅರೆದು ಸಾರು ಮಾಡುತ್ತಾರೆ. ಕಳೆದ ಸಲ ಮನೆಗೆ ಹೋದಾಗ, "ಫಾದರ್, ಅಂದು ನೀವಾದರೂ ಒಂದು ಮಾತು ಕೇಳಬಹುದಿತ್ತು" ಎಂದರು. ಕೋಪದಿಂದ ಹೇಳಲಿಲ್ಲ. ನನಗೆ ಉತ್ತರ ಸಿಗಲಿಲ್ಲ.

ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲಿ ಯಾರಾದರೂ ಹೊಸ ಪುಡಿಯನ್ನೋ ಕ್ಯಾಪ್ಸೂಲನ್ನೋ ಹೊಗಳಿದರೆ ಅವರನ್ನು ನಗಬೇಡಿ, ಗದರಿಸಲೂ ಬೇಡಿ. ಮೂರು ಪ್ರಶ್ನೆ ಕೇಳಿ. ಇದರಲ್ಲಿ ಏನೇನುಂಟು? ಇದನ್ನು ಕೊಟ್ಟವರು ಯಾರು, ನಾಳೆ ತೊಂದರೆಯಾದರೆ ಅವರು ಎಲ್ಲಿ ಸಿಗುತ್ತಾರೆ? ವೈದ್ಯರಿಗೆ ಇದು ಗೊತ್ತುಂಟೇ? ಹಿತ್ತಲ ಗಿಡವೂ ಮದ್ದೇ. ಮದ್ದನ್ನು ಮದ್ದಿನಂತೆಯೇ ಬಳಸೋಣ.